ಹೋರ್ಯೂಜಿಯ ಮುಂದೆ ಒಂದು ಆಟಿಕೆ ಕ್ಯಾಮೆರಾ

1949ರ ಜನವರಿ 26ರ ಬೆಳಿಗ್ಗೆ ಜಪಾನಿನ ನಾರಾ ಸೀಮೆಯ ಹೋರ್ಯೂಜಿ ದೇಗುಲದ ಮುಖ್ಯ ಗುಡಿಗೆ ಬೆಂಕಿ ಹತ್ತಿಕೊಂಡಿತು. ಕೊಂಡೋ ಎಂದು ಕರೆಯುವ ಈ ಗುಡಿ ಜಗತ್ತಿನಲ್ಲಿ ಇಂದಿಗೂ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳಲ್ಲೊಂದು. ಆಗ ದುರಸ್ತಿ ನಡೆಯುತ್ತಿತ್ತು. ಮೇಲಂತಸ್ತಿನ ಮರಮುಟ್ಟನ್ನೂ ಒಳಗಿನ ವಿಗ್ರಹಗಳನ್ನೂ ಮೊದಲೇ ಬಿಚ್ಚಿ ಬೇರೆಡೆ ಇಟ್ಟಿದ್ದರಿಂದ ಅವು ಉಳಿದವು. ಆದರೆ ಗೋಡೆಗಳ ಮೇಲಿದ್ದ ಬುದ್ಧ ಬೋಧಿಸತ್ವರ ಚಿತ್ರಗಳು, ಕಲಾ ಚರಿತ್ರಕಾರರು ಅಜಂತಾದ ಜೊತೆ ಇಟ್ಟು ಮಾತಾಡುತ್ತಿದ್ದಂಥವು, ಬಣ್ಣ ಸುಟ್ಟುಹೋಗಿ ಮಸಿಗೆರೆಗಳಾದವು. ಆ ಚಿತ್ರಗಳ ಪ್ರತಿ ತೆಗೆಯಲು ಕಲಾವಿದರು ವರ್ಷಗಳಿಂದ ಅಲ್ಲೇ ಕೂತು ಕೆಲಸ ಮಾಡುತ್ತಿದ್ದರು ಎಂಬುದು ಈ ದುರಂತದ ಇನ್ನಷ್ಟು ಕಹಿಯಾದ ಭಾಗ.

ಒಂದು ಆಸರೆ ಮಾತ್ರ ಉಳಿದಿತ್ತು. 1935ರಲ್ಲಿ ಕ್ಯೋಟೋದ ಬೆನ್ರಿಡೋ ಎಂಬ ಮುದ್ರಣ ಸಂಸ್ಥೆಯವರು ಆ ಗೋಡೆಗಳನ್ನು ಭಾಗ ಭಾಗ ಮಾಡಿಕೊಂಡು, ನಿಜ ಅಳತೆಯಲ್ಲೇ, ದೊಡ್ಡ ಗಾಜಿನ ಫಲಕಗಳ ಮೇಲೆ ಛಾಯಾಚಿತ್ರ ತೆಗೆದಿದ್ದರು. ಬಣ್ಣ ಬೇರ್ಪಡಿಸಿದ ನೆಗೆಟಿವ್‌ಗಳನ್ನೂ ತೆಗೆದಿದ್ದರು. 1960ರ ದಶಕದ ಕೊನೆಯಲ್ಲಿ ಆ ಚಿತ್ರಗಳನ್ನು ಮತ್ತೆ ಬರೆದು ಗುಡಿಯಲ್ಲಿ ಕೂರಿಸಿದಾಗ ಕಲಾವಿದರ ಕೈಗೆ ದಾರಿ ತೋರಿಸಿದ್ದು ಈ ಫಲಕಗಳೇ. ಬೆಂಕಿ ಬಿದ್ದ ಮರುವರ್ಷವೇ, 1950ರಲ್ಲಿ, ಜಪಾನ್ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಹೊಸ ಕಾನೂನು ತಂದಿತು.

ಇಷ್ಟೆಲ್ಲ ಗೊತ್ತಿದ್ದೂ ಇಂಥ ದೇಗುಲಕ್ಕೆ ಪ್ಲಾಸ್ಟಿಕ್ ಮಸೂರದ ಆಟಿಕೆ ಕ್ಯಾಮೆರಾ ಹಿಡಿದು ಹೋಗಬಹುದು ಎಂದು ವಾದಿಸುವುದು ಸುಲಭವಲ್ಲ. ಅಂಚಿನಲ್ಲಿ ಎಲ್ಲವನ್ನೂ ಮಸುಕು ಮಾಡುವ, ಮೂಲೆಗಳನ್ನು ಕಪ್ಪಾಗಿಸುವ, ಮುಚ್ಚಳದ ಸಂದಿಯಿಂದ ಬೆಳಕು ನುಗ್ಗಿಸಿಕೊಳ್ಳುವ ಯಂತ್ರವೊಂದು ಸಾವಿರದ ಮುನ್ನೂರು ವರ್ಷದ ಕಟ್ಟಡಕ್ಕೆ ಯಾವ ನ್ಯಾಯ ಒದಗಿಸೀತು? ಇದು ಶೋಕಿ ಎಂದು ಯಾರಾದರೂ ಜರೆದರೆ ಆ ಮಾತನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಆದರೂ ಈ ಕ್ಯಾಮೆರಾಕ್ಕೆ ಅಲ್ಲೊಂದು ಜಾಗವಿದೆ ಎಂಬುದು ನನ್ನ ನಂಬಿಕೆ. ಆ ಜಾಗ ಸಾಮಾನ್ಯವಾಗಿ ಹೇಳುವ ಕಡೆ ಇಲ್ಲ, ಅಷ್ಟೇ.

ದಾಖಲೆಯ ಮಾತನ್ನೇ ಮೊದಲು ನೋಡೋಣ. ಜಪಾನಿನಲ್ಲಿ ದೇಗುಲಗಳ ಛಾಯಾಗ್ರಹಣಕ್ಕೆ ಗಂಭೀರ ಸ್ವರೂಪ ಬಂದದ್ದೇ ಕಳೆದುಹೋಗುವ ಭಯದಿಂದ. 1868ರಲ್ಲಿ ಮೇಜಿ ಆಳ್ವಿಕೆ ಶುರುವಾದಾಗ ಶಿಂಟೋ ಮತ್ತು ಬೌದ್ಧ ಧರ್ಮಗಳನ್ನು ಬೇರೆ ಮಾಡುವ ಆಜ್ಞೆ ಹೊರಟಿತು. ಅದರ ಬೆನ್ನಿಗೇ ಊರೂರಲ್ಲಿ ಬೌದ್ಧ ದೇಗುಲಗಳನ್ನು ಕೆಡವಿ, ವಿಗ್ರಹಗಳನ್ನು ಒಡೆದು ಮಾರುವ ಉನ್ಮಾದ ಹಬ್ಬಿತು. ಉಳಿದಿರುವುದನ್ನಾದರೂ ಲೆಕ್ಕ ಹಾಕೋಣವೆಂದು ಸರ್ಕಾರ 1872ರಲ್ಲಿ ಸಮೀಕ್ಷೆಗೆ ಅಧಿಕಾರಿಗಳನ್ನು ಕಳಿಸಿದಾಗ ಯೋಕೊಯಾಮ ಮತ್ಸುಸಬುರೋ ಎಂಬ ಛಾಯಾಗ್ರಾಹಕ ಅವರ ಜೊತೆ ಹೋದ. ಇಪ್ಪತ್ತನೆಯ ಶತಮಾನದಲ್ಲಿ ದೋಮೊನ್ ಕೆನ್ ಈ ಕೆಲಸವನ್ನು ಜೀವನವ್ರತವಾಗಿಸಿಕೊಂಡರು. ಹಳೆಯ ದೇಗುಲಗಳ ಯಾತ್ರೆ ಎಂಬ ಅವರ ಐದು ಸಂಪುಟಗಳು 1963ರಿಂದ 1975ರವರೆಗೆ ಬಂದವು. ದೊಡ್ಡ ಕ್ಯಾಮೆರಾ, ಭಾರದ ಟ್ರೈಪಾಡ್, ವಿಗ್ರಹದ ಬೆರಳಿನ ಮಡಿಕೆಯಲ್ಲಿ ಕೂತ ಧೂಳೂ ಕಾಣುವಷ್ಟು ಹರಿತವಾದ ಚಿತ್ರ. ಪಾರ್ಶ್ವವಾಯು ಬಡಿದು ಗಾಲಿಕುರ್ಚಿಯಲ್ಲಿ ಕೂತ ಮೇಲೂ ಅವರು ನಿಲ್ಲಿಸಲಿಲ್ಲ. ತಾವು ಬಹಳ ಪ್ರೀತಿಸಿದ ಮುರೋಜಿ ದೇಗುಲ ಹಿಮ ಹೊದ್ದು ನಿಲ್ಲುವುದನ್ನು ಸೆರೆಹಿಡಿಯಬೇಕೆಂದು ಕಾದು ಕಾದು, ಕೊನೆಗೆ 1978ರಲ್ಲಿ ಆ ಚಿತ್ರ ತೆಗೆದರು.

ಇಂಥವರು ಮಾಡಿದ ಕೆಲಸದ ನಂತರ, ನಾಲ್ಕು ದಿನಕ್ಕೆ ಹೋಗಿ ಬರುವ ಪ್ರವಾಸಿ ತನ್ನ ಮೊಬೈಲಿನಲ್ಲಿ ತೆಗೆದ ಸ್ಫುಟವಾದ ಚಿತ್ರದಿಂದ ದಾಖಲೆಗೆ ಸೇರುವುದೇನು? ಕ್ಯೋಟೋದ ಕಿಂಕಾಕುಜಿಯ ಕೊಳದ ದಂಡೆಯಲ್ಲಿ ಎಲ್ಲರೂ ನಿಲ್ಲುವ ಜಾಗ ಒಂದೇ, ಎಲ್ಲರಿಗೂ ಸಿಗುವ ಚೌಕಟ್ಟು ಒಂದೇ. ಮೊಬೈಲು ಒಳ್ಳೆಯದಾದಷ್ಟೂ ಆ ಚಿತ್ರಗಳು ಒಂದರ ಹಾಗೆ ಇನ್ನೊಂದು ಕಾಣುತ್ತವೆ. ಅವು ದಾಖಲೆಯ ವೇಷ ತೊಟ್ಟಿರುತ್ತವೆ, ದಾಖಲೆಯ ಹೊಣೆ ಹೊತ್ತಿರುವುದಿಲ್ಲ. ಬೆನ್ರಿಡೋದ ಫಲಕಗಳ ಮುಂದೆ ಆಟಿಕೆ ಕ್ಯಾಮೆರಾ ನಾಚಬೇಕು ಎನ್ನುವುದಾದರೆ ನಮ್ಮ ಮೊಬೈಲುಗಳೂ ಅಷ್ಟೇ ನಾಚಬೇಕು. ಪ್ರವಾಸಿಯ ಚಿತ್ರದ ಕೆಲಸವೇ ಬೇರೆ. ಕಟ್ಟಡ ಹೇಗಿದೆ ಎಂದು ಹೇಳಲು ಪರಿಣತರಿದ್ದಾರೆ. ಇಂಥ ದಿನ, ಇಷ್ಟು ದೂರದಲ್ಲಿ, ಇಷ್ಟು ಜನರ ನಡುವೆ ನಿಂತು ಒಬ್ಬ ಮನುಷ್ಯ ಅದನ್ನು ಕಂಡ ಎಂಬುದನ್ನು ಅವನೇ ಹೇಳಬೇಕು.

ಹೋಲ್ಗಾ ಎಂಬ ಆಟಿಕೆ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ನೋಡಿ. 1980ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗಿನಲ್ಲಿ ಟಿ.ಎಂ. ಲೀ ಎಂಬುವರು ಸಾಮಾನ್ಯ ಕುಟುಂಬಗಳಿಗೆಂದು ರೂಪಿಸಿದ ಅಗ್ಗದ ಕ್ಯಾಮೆರಾ ಇದು. ಖಾಲಿ ಡಬ್ಬಿಯಷ್ಟು ಹಗುರ. ಮಸೂರದ ಸುತ್ತ ದೂರದ ಅಳತೆಯ ಬದಲು ನಾಲ್ಕು ಪುಟ್ಟ ಗುರುತುಗಳಿವೆ: ಒಬ್ಬ ವ್ಯಕ್ತಿ, ಒಂದು ಕುಟುಂಬ, ಒಂದು ಗುಂಪು, ಒಂದು ಬೆಟ್ಟ. ದೇಗುಲಕ್ಕೆ ಬೆಟ್ಟವೇ ಗತಿ. ಸಾಮಾನ್ಯವಾಗಿ ಒತ್ತಿದರೆ ಶಟರಿನ ವೇಗ ಹೆಚ್ಚುಕಡಿಮೆ ಸೆಕೆಂಡಿನ ನೂರನೇ ಒಂದು ಭಾಗ. ಬಿಸಿಲಿಗೊಂದು ಮೋಡಕ್ಕೊಂದು ಎಂದು ಸ್ವಿಚ್ ಇದೆಯಾದರೂ ಹಳೆಯ ಮಾದರಿಗಳಲ್ಲಿ ಅದನ್ನು ಎತ್ತ ಸರಿಸಿದರೂ ಒಳಗೆ ಬೀಳುವ ಬೆಳಕಿನಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ. ಹಿಂದಿನ ಮುಚ್ಚಳ ಕಳಚಿಬಿದ್ದು ರೋಲ್ ಹಾಳಾಗಬಾರದೆಂದು ಸುತ್ತಲೂ ಕಪ್ಪು ಟೇಪ್ ಅಂಟಿಸಬೇಕು. ಬೆನ್ನಿನ ಮೇಲೊಂದು ಕೆಂಪು ಕಿಂಡಿ. ಗುಬುಟು ತಿರುಗಿಸುತ್ತ ಹೋದಂತೆ ಫಿಲ್ಮಿನ ಹಿಂಬದಿ ಕಾಗದದ ಮೇಲೆ ಅಚ್ಚಾದ ಅಂಕಿ ನಿಧಾನವಾಗಿ ತೇಲಿ ಬಂದು ಆ ಕಿಂಡಿಯಲ್ಲಿ ನಿಲ್ಲುತ್ತದೆ. ಚೌಕ ಚಿತ್ರಗಳಾದರೆ ಒಂದು ರೋಲಿಗೆ ಹನ್ನೆರಡು. ತಿರುಗಿಸದೆ ಮತ್ತೊಮ್ಮೆ ಒತ್ತಿದರೆ ಒಂದರ ಮೇಲೊಂದು ಚಿತ್ರ ಬೀಳುತ್ತದೆ. ತಡೆಯುವ ಯಾವ ಏರ್ಪಾಡೂ ಇಲ್ಲ.

ಈ ಕ್ಯಾಮೆರಾದ ಪರವಾಗಿ ಹೆಚ್ಚಾಗಿ ಕೇಳಿಬರುವ ವಾದವನ್ನು ನಾನು ಒಪ್ಪುವುದಿಲ್ಲ. ಸವೆತದಲ್ಲಿ, ಊನದಲ್ಲಿ ಚೆಲುವು ಕಾಣುವ ವಾಬಿ ಸಾಬಿ ಎಂಬ ರಸದೃಷ್ಟಿ ಜಪಾನಿನದು, ಊನಗಳಿಂದಲೇ ತುಂಬಿದ ಕ್ಯಾಮೆರಾ ಅಲ್ಲಿನ ದೇಗುಲಗಳಿಗೆ ತಕ್ಕದ್ದು ಎನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಹೋರ್ಯೂಜಿಯ ಹೊರ ಪ್ರಾಕಾರದ ಕಂಬಗಳನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಈ ಹೋಲಿಕೆ ಹೇಗೆ ಒಪ್ಪಿಗೆಯಾದೀತು? ನಡುವೆ ಹದವಾಗಿ ಉಬ್ಬಿದ ಆ ಹಿನೋಕಿ ಮರದ ಮೈಯಲ್ಲಿ ಮೃದುವಾದ ಭಾಗ ಮಳೆಗಾಳಿಗೆ ಸವೆದು, ಗಟ್ಟಿ ಎಳೆಗಳು ಮೇಲೆದ್ದು ನಿಂತಿವೆ. ಬುಡ ಕೊಳೆತಲ್ಲೆಲ್ಲ ಬಡಗಿಗಳು ಆ ಭಾಗವನ್ನಷ್ಟೇ ಕೊರೆದು ತೆಗೆದು ಹೊಸ ಮರದ ತುಂಡನ್ನು ಅಂಗೈಯಷ್ಟಗಲಕ್ಕೂ ಲೆಕ್ಕವಿಟ್ಟು ಕೂರಿಸಿದ್ದಾರೆ. ಅದು ಕಾಲವೂ ಕೈಗಳೂ ಸೇರಿ ಮಾಡಿದ ಕೆಲಸ. ಹೋಲ್ಗಾದ ಚಿತ್ರದ ಮೇಲಿನ ಬೆಳಕಿನ ಗೀರು ಮುಚ್ಚಳ ಸರಿಯಾಗಿ ಕೂರದ್ದರ ಫಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಆ ಬಡಗಿಗಳಿಗೆ ಮಾಡುವ ಅವಮಾನ.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಕಪ್ಪುಬಿಳುಪಿನ ರೋಲ್ ಹಾಕಿದ ಆಟಿಕೆ ಕ್ಯಾಮೆರಾ ಯಾವುದನ್ನೇ ಆಗಲಿ ಹಳತಾಗಿ ತೋರಿಸುತ್ತದೆ. ಜಪಾನಿನ ದೇಗುಲಗಳ ವಯಸ್ಸೋ, ಸರಳವಾದ ಸಂಗತಿಯಲ್ಲ. ಕಿಂಕಾಕುಜಿಯ ಸುವರ್ಣ ಮಂದಿರ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಅಶಿಕಾಗ ಯೋಶಿಮಿತ್ಸು ಕಟ್ಟಿಸಿದ್ದು ನಿಜ, ಆದರೆ ನಾವು ಇಂದು ನೋಡುವುದು 1955ರ ಕಟ್ಟಡ. ಹಳೆಯದನ್ನು 1950ರ ಜುಲೈಯಲ್ಲಿ ಅಲ್ಲಿನ ತರುಣ ಭಿಕ್ಷುವೊಬ್ಬ ಸುಟ್ಟ. ಈಗಿರುವ ಚಿನ್ನದ ಹಾಳೆ 1987ರಲ್ಲಿ ಹೊದಿಸಿದ್ದು. ಕಿಯೋಮಿಜುದೆರದ ಪ್ರಸಿದ್ಧ ಮರದ ಜಗಲಿ 1633ರದ್ದು. ನಾರಾದ ತೋದಾಯ್‌ಜಿಯ ಮಹಾಬುದ್ಧನ ಗುಡಿ 1709ರದ್ದು, ಅದೂ ಮೂಲ ಗುಡಿಯ ಅಗಲದ ಮೂರನೇ ಎರಡರಷ್ಟು ಮಾತ್ರ. ಸುಡುವುದು, ಕಟ್ಟುವುದು, ಬಿಚ್ಚಿ ಮತ್ತೆ ಜೋಡಿಸುವುದು: ಈ ದೇಗುಲಗಳ ಚರಿತ್ರೆಯೆಂದರೆ ಇದೇ. ಹೋಲ್ಗಾದಲ್ಲಿ ತೆಗೆದ ಕಿಂಕಾಕುಜಿಯ ಕಪ್ಪುಬಿಳುಪು ಚಿತ್ರ ಈ ಚರಿತ್ರೆಯನ್ನೆಲ್ಲ ಅಳಿಸಿ, ಎಂದೂ ಬದಲಾಗದೆ ನಿಂತ ಒಂದು ಕನಸಿನ ಜಪಾನನ್ನು ನಮ್ಮ ಮುಂದಿಡುತ್ತದೆ. ಹರಿತವಾದ ಚಿತ್ರಕ್ಕಿಂತ ಇದು ದೊಡ್ಡ ಸುಳ್ಳು. ಈ ಕ್ಯಾಮೆರಾವನ್ನು ಪ್ರೀತಿಸುವವರು ಮೊದಲು ಈ ಸುಳ್ಳನ್ನು ಎದುರಿಸಬೇಕು.

ಎದುರಿಸುವ ದಾರಿ ಬಹಳ ಸರಳ. ಇಂದಿನದನ್ನು ಚೌಕಟ್ಟಿನಿಂದ ಹೊರಗಿಡಬಾರದು. ಹಳದಿ ಟೋಪಿಯ ಶಾಲಾಮಕ್ಕಳ ಸಾಲು, ಹಗ್ಗದ ಬೇಲಿ, ಟಿಕೆಟ್ಟಿನ ಗೂಡು, ಗೋಪುರದ ನೆತ್ತಿಯಿಂದ ಇಳಿದು ಬರುವ ಸಿಡಿಲು ತಡೆಯುವ ತಂತಿ ಎಲ್ಲವೂ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಬೆಂಕಿ ಆರಿಸುವ ನೀರಿನ ಕೊಳವೆಯ ಪೆಟ್ಟಿಗೆ ಇರಲಿ. ದೊಡ್ಡ ದೇಗುಲಗಳ ಆವರಣದಲ್ಲಿ ಅದು ಇದ್ದೇ ಇರುತ್ತದೆ, ಚಿತ್ರ ತೆಗೆಯುವವರು ಅದನ್ನು ತಪ್ಪಿಸಲೆಂದೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಆದರೆ ಆ ಪೆಟ್ಟಿಗೆ ದೇಗುಲದ ಚರಿತ್ರೆಯ ಒಂದು ಭಾಗವೇ. ಹೋರ್ಯೂಜಿ ಸುಟ್ಟ ಜನವರಿ 26ನ್ನು 1955ರಿಂದ ಜಪಾನ್ ಸಾಂಸ್ಕೃತಿಕ ಸಂಪತ್ತಿನ ಅಗ್ನಿರಕ್ಷಣಾ ದಿನವಾಗಿ ಆಚರಿಸುತ್ತ ಬಂದಿದೆ. ಅಂದು ದೇಶದುದ್ದಕ್ಕೂ ದೇಗುಲಗಳಲ್ಲಿ ನೀರು ಹಾರಿಸುವ ತಾಲೀಮು ನಡೆಯುತ್ತದೆ. ಕಂಬ ಎಷ್ಟು ಮುಖ್ಯವೋ ಆ ಕಂಬ ಸುಡಬಹುದೆಂಬ ಅರಿವೂ ಅಷ್ಟೇ ಮುಖ್ಯ.

ಹಾಗಾದರೆ ಆಟಿಕೆ ಕ್ಯಾಮೆರಾವೇ ಏಕೆ, ಒಳ್ಳೆಯ ಕ್ಯಾಮೆರಾದಲ್ಲೂ ಇದನ್ನೆಲ್ಲ ತೆಗೆಯಬಹುದಲ್ಲ ಎಂದು ಕೇಳಬಹುದು. ನನ್ನ ಮೊದಲ ಉತ್ತರ ಕಟ್ಟಡದ ಸ್ವಭಾವಕ್ಕೆ ಸಂಬಂಧಿಸಿದ್ದು. ಜಪಾನಿನ ದೇಗುಲದಲ್ಲಿ ದೂರದಿಂದ ಕಣ್ಣಿಗೆ ಬೀಳುವುದು ಮಾಡು. ಗೋಡೆಯನ್ನು ನೆರಳಲ್ಲಿ ಮುಳುಗಿಸುವಷ್ಟು ಮುಂದೆ ಚಾಚಿದ ಸೂರು, ತುದಿಯಲ್ಲಿ ತುಸುವೇ ಮೇಲೆದ್ದ ಅಂಚು, ಹೆಂಚಿನ ಭಾರ. ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ 1990ರ ದಶಕದ ಕೊನೆಯಲ್ಲಿ ಆಧುನಿಕ ವಾಸ್ತುಶಿಲ್ಪದ ಹೆಸರಾಂತ ಕಟ್ಟಡಗಳನ್ನು ಬೇಕೆಂದೇ ಪೂರ್ತಿ ಮಸುಕಾಗಿಸಿ ಚಿತ್ರ ತೆಗೆಯತೊಡಗಿದರು. ಗಟ್ಟಿ ಕಟ್ಟಡದ ಆಕಾರ ಆ ಮಸುಕನ್ನೂ ತಾಳಿಕೊಂಡು ನಿಲ್ಲುತ್ತದೆ ಎಂಬುದು ಅವರು ಕಂಡುಕೊಂಡದ್ದು. ಅವರ ಕೈಯಲ್ಲಿದ್ದುದು ಅತ್ಯುತ್ತಮ ಕ್ಯಾಮೆರಾ, ಮಸುಕು ಅವರ ಆಯ್ಕೆ. ಹೋಲ್ಗಾದಲ್ಲಿ ಮಸುಕು ತಾನಾಗಿ ಬರುತ್ತದೆ, ಆದರೆ ಪರೀಕ್ಷೆ ಅದೇ. ತೋದಾಯ್‌ಜಿಯ ಮಾಡು ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ತೊಲೆಕಟ್ಟುಗಳ ವಿವರವೆಲ್ಲ ಕರಗಿದ ಮೇಲೂ ಆ ಗಾತ್ರ, ನೆಲವನ್ನು ಒತ್ತಿ ಕೂತ ಆ ನಿಲುವು ಉಳಿದೇ ಇರುತ್ತದೆ. ಎಲ್ಲ ದೇಗುಲಗಳ ಮಾತು ಇದಲ್ಲ. ಹಳೇಬೀಡಿನ ಗೋಡೆಯ ಮುಂದೆ ಹೋಲ್ಗಾ ಹಿಡಿದರೆ ನಷ್ಟವೇ ಹೆಚ್ಚು. ಅಲ್ಲಿ ಬೆರಳಗಲದ ಆಭರಣದಲ್ಲೂ ಶಿಲ್ಪಿಯ ಮಾತಿದೆ, ಅದು ಮಸುಕಾದರೆ ದೇಗುಲವೇ ಮೂಕವಾಗುತ್ತದೆ.

ಎರಡನೆಯ ಉತ್ತರ ಕ್ಯಾಮೆರಾದ ಅಸಹಾಯಕತೆಯದು, ಇದೇ ನನಗೆ ಹೆಚ್ಚು ಮುಖ್ಯ. ಗುಡಿಯ ಒಳಗಿನ ಕತ್ತಲಲ್ಲಿ ಹೋಲ್ಗಾ ಏನನ್ನೂ ಕಾಣಲಾರದು. 400 ವೇಗದ ಫಿಲ್ಮ್ ಹಾಕಿದರೂ ಆ ಬೆಳಕಿಗೆ ಶಟರನ್ನು ಹಲವು ಸೆಕೆಂಡು ತೆರೆದಿಡಬೇಕು, ಅದಕ್ಕೆ ಟ್ರೈಪಾಡ್ ಬೇಕು, ಟ್ರೈಪಾಡಿಗೆ ಹೆಚ್ಚಿನ ದೇಗುಲಗಳಲ್ಲಿ ಅನುಮತಿಯಿಲ್ಲ. ಕ್ಯಾಮೆರಾ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಇಂದಿನ ಮೊಬೈಲಿಗೆ ಕತ್ತಲೆಂಬುದೇ ಇಲ್ಲ, ನಿಷೇಧದ ಫಲಕವೊಂದೇ ಅದನ್ನು ತಡೆಯಬೇಕು. ಕ್ಯೋಟೋದ ಸಂಜೂಸಂಗೆಂದೋ ಗುಡಿಯಲ್ಲಿ ಕನ್ನೋನ್ ಎಂಬ ಬೋಧಿಸತ್ವನ ಸಾವಿರದೊಂದು ವಿಗ್ರಹಗಳ ಮುಂದೆ ಅಂಥ ಫಲಕವಿದೆ. ಸುಗಿಮೊಟೊ ವರ್ಷಗಟ್ಟಲೆ ಅನುಮತಿಗೆ ಕಾದು, 1995ರಲ್ಲಿ, ಮುಂಜಾನೆಯ ಬೆಳಕೊಂದನ್ನೇ ನೆಚ್ಚಿ ಅವುಗಳ ಚಿತ್ರ ತೆಗೆದರು. ಆ ಯೋಗ್ಯತೆಯಾಗಲಿ ತಾಳ್ಮೆಯಾಗಲಿ ನಮ್ಮದಲ್ಲ ಎಂದು ಒಪ್ಪಿಕೊಂಡರೆ, ಹೊಸ್ತಿಲಲ್ಲಿ ನಿಲ್ಲುವ ಕ್ಯಾಮೆರಾ ನಮಗೆ ತಕ್ಕ ಸಂಗಾತಿ.

ಹೊಸ್ತಿಲಲ್ಲಿ ನಿಲ್ಲುವುದು ಆ ದೇಗುಲಗಳ ಸಂಪ್ರದಾಯಕ್ಕೂ ಹೊರತಲ್ಲ. ಜಪಾನಿನಲ್ಲಿ ಮರೆಯಲ್ಲೇ ಇಟ್ಟು ಪೂಜಿಸುವ ಬುದ್ಧರಿದ್ದಾರೆ. ಹೋರ್ಯೂಜಿಯ ಎಂಟು ಮೂಲೆಯ ಸ್ವಪ್ನ ಮಂದಿರದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಕನ್ನೋನ್ ವಿಗ್ರಹವನ್ನು 1884ರಲ್ಲಿ ಅಮೆರಿಕದ ಕಲಾ ವಿದ್ವಾಂಸ ಅರ್ನೆಸ್ಟ್ ಫೆನೊಲೊಸಾ ಮತ್ತು ಅವರ ಜಪಾನಿ ಸಹೋದ್ಯೋಗಿ ಒಕಾಕುರ ಸರ್ಕಾರಿ ಪತ್ರ ತೋರಿಸಿ ಬಿಚ್ಚಿಸಿದರು. ಬಿಚ್ಚಿದರೆ ಭೂಕಂಪವಾಗಿ ದೇಗುಲ ನೆಲಸಮವಾದೀತೆಂದು ಅಲ್ಲಿನ ಭಿಕ್ಷುಗಳು ಹೆದರಿದ್ದರೆಂದು ಫೆನೊಲೊಸಾ ಬರೆದಿದ್ದಾರೆ. ಆ ವಿಗ್ರಹ ಈಗ ವಸಂತದಲ್ಲೊಮ್ಮೆ ಶರತ್ತಿನಲ್ಲೊಮ್ಮೆ ಕೆಲವು ದಿನ ದರ್ಶನ ಕೊಡುತ್ತದೆ. ಕಲಾ ಚರಿತ್ರೆಗೆ ಅದು ದೊಡ್ಡ ಲಾಭ, ಅನುಮಾನವಿಲ್ಲ. ನಾಗಾನೋದ ಜೆಂಕೋಜಿಯಲ್ಲಿ ಮಾತ್ರ ಮೂಲ ವಿಗ್ರಹವನ್ನು ಇಂದಿಗೂ ಯಾರಿಗೂ ತೋರಿಸುವುದಿಲ್ಲ. ಸಾಮಾನ್ಯವಾಗಿ ಆರು ವರ್ಷಕ್ಕೊಮ್ಮೆ ಅದರ ಪ್ರತಿಯನ್ನು ಹೊರಗಿಡುತ್ತಾರೆ. ಆಗಲೂ ಪ್ರತಿಯ ಕೈಗೆ ಕಟ್ಟಿದ ದಾರವನ್ನು ಗುಡಿಯ ಹೊರಗೆ ನೆಟ್ಟ ಮರದ ಕಂಬದವರೆಗೆ ಎಳೆದಿರುತ್ತಾರೆ. ಜನ ಸಾಲುಗಟ್ಟಿ ಬಂದು ಆ ಕಂಬ ಮುಟ್ಟಿ ಹೋಗುತ್ತಾರೆ.

ಈ ದಾರ ಜಪಾನಿನಲ್ಲಿ ಬಹಳ ಹಳೆಯದು. 752ರಲ್ಲಿ ತೋದಾಯ್‌ಜಿಯ ಮಹಾಬುದ್ಧನಿಗೆ ಕಣ್ಣು ತೆರೆಸುವ ವಿಧಿ ನಡೆದಾಗ ಕುಂಚ ಹಿಡಿದು ಕಣ್ಣು ಬರೆದವನು ದಕ್ಷಿಣ ಭಾರತದಿಂದ ಚೀನಾ ದಾಟಿ ಅಲ್ಲಿಗೆ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ನಮ್ಮ ಪ್ರತಿಷ್ಠಾಪನೆಗಳಲ್ಲಿ ನಡೆಯುವ ನೇತ್ರೋನ್ಮೀಲನದ ನೆಂಟಸ್ತಿಕೆ ಅದಕ್ಕಿದೆ. ಆ ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿ, ನೆರೆದವರು ಅದರ ತುದಿ ಹಿಡಿದು ನಿಂತರು. ಕುಂಚವೂ ದಾರವೂ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಇವೆ. ದೂರದಲ್ಲಿ ನಿಂತವನಿಗೆ ಬುದ್ಧನ ಕಣ್ಣು ಸ್ಪಷ್ಟವಾಗಿ ಕಂಡಿರಲಾರದು. ಅವನು ದಾರ ಹಿಡಿದಿದ್ದ, ಅವನ ಪಾಲು ಅವನಿಗೆ ಸಂದಿತ್ತು. ಪ್ರವಾಸಿಯ ಚಿತ್ರದಿಂದ ನಾನು ಬಯಸುವುದು ಇಷ್ಟನ್ನೇ. ಎಲ್ಲವನ್ನೂ ಕಂಡೆನೆಂಬ ಹಮ್ಮು ಅದರಲ್ಲಿ ಇರಬಾರದು, ಅಲ್ಲಿದ್ದೆನೆಂಬ ಸಾಕ್ಷಿ ಇರಬೇಕು. ಹೋಲ್ಗಾದ ಚಿತ್ರದಲ್ಲಿ ಆ ಹಮ್ಮಿಗೆ ಎಡೆಯೇ ಇಲ್ಲ, ನಡುವಿನ ಒಂದಿಷ್ಟು ಭಾಗವನ್ನು ತೋರಿಸಿ ಮಿಕ್ಕದ್ದು ನನಗೆ ಸಿಗಲಿಲ್ಲ ಎಂದು ಅದೇ ಹೇಳಿಬಿಡುತ್ತದೆ.

ಫಿಲ್ಮಿನ ಬೆಲೆ, ತೊಳೆಸುವ ಖರ್ಚು, ವಿಮಾನ ನಿಲ್ದಾಣದ ಎಕ್ಸ್‌ರೇ, ಇವೆಲ್ಲ ಇರುವ ಕಷ್ಟಗಳೇ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನ್ನೆರಡೇ ಚಿತ್ರ ಎಂಬ ಮಿತಿಯಿಂದ ಗಮನ ಹರಿತವಾಗುತ್ತದೆ ಎನ್ನುವುದೂ ಅರ್ಧ ನಿಜ. ಮಿತಿಯಿದ್ದ ಮಾತ್ರಕ್ಕೆ ಯಾರೂ ಚೆನ್ನಾಗಿ ನೋಡುವುದಿಲ್ಲ, ನೋಡಬೇಕೆಂಬ ಮನಸ್ಸಿದ್ದವರಿಗೆ ಅದು ನೆರವಾಗುತ್ತದೆ. ಸಂಜೂಸಂಗೆಂದೋ ಸುಮಾರು 120 ಮೀಟರ್ ಉದ್ದದ ಗುಡಿ, ಹೊರಗಿನಿಂದ ಹೋಲ್ಗಾದ ಒಂದು ಚೌಕದಲ್ಲಿ ಹಿಡಿಸುವಂಥದ್ದಲ್ಲ. ಫಿಲ್ಮನ್ನು ಪೂರ್ತಿ ಸುತ್ತದೆ ಅರ್ಧರ್ಧ ಸರಿಸುತ್ತ, ನಾಲ್ಕು ಹೆಜ್ಜೆಗೊಮ್ಮೆ ಶಟರ್ ಒತ್ತುತ್ತ ಹೋದರೆ ಚಿತ್ರಗಳು ಒಂದರ ಅಂಚಿನ ಮೇಲೊಂದು ಬಿದ್ದು ಉದ್ದನೆಯ ಪಟ್ಟಿಯಾಗುತ್ತದೆ. ಆ ಗುಡಿಯ ಉದ್ದವೆಂದರೆ ನಡೆದೇ ತಿಳಿಯುವಂಥದ್ದು, ಪಟ್ಟಿಯಲ್ಲಿ ಆ ನಡಿಗೆ ದಾಖಲಾಗಿರುತ್ತದೆ.

ಬಣ್ಣದ ಬಗ್ಗೆ ಒಂದು ಮಾತು ಉಳಿದಿದೆ. ನಾರಾದ ಯಾಕುಶಿಜಿಯಲ್ಲಿ ಎರಡು ಗೋಪುರಗಳು ಎದುರುಬದುರಾಗಿ ನಿಂತಿವೆ. ಪೂರ್ವದ್ದು 730ರದ್ದು, ಬೂದು ಹಿಡಿದ ಮರ. 2009ರಲ್ಲಿ ಅದನ್ನು ಬಿಚ್ಚಿ ಕಟ್ಟುವ ಕೆಲಸ ಶುರುವಾಗಿ ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಪಶ್ಚಿಮದ್ದು 1528ರ ಬೆಂಕಿಯಲ್ಲಿ ಹೋಗಿತ್ತು. ದೇಗುಲ ಬಡಗಿ ನಿಶಿಯೋಕ ತ್ಸುನೆಕಜು ಅದನ್ನು ಮತ್ತೆ ಕಟ್ಟಿ 1981ರಲ್ಲಿ ಮುಗಿಸಿದರು. ಅದರ ಕಂಬಗಳು ಕೆಂಪು, ಕಿಟಕಿಯ ಸರಳುಗಳು ಹಸಿರು. ಹೊಸ ಮರ ಕಾಲಕ್ರಮದಲ್ಲಿ ಕುಗ್ಗಿ ಕೂರುತ್ತದೆಂದು ಲೆಕ್ಕ ಹಾಕಿ ಅದನ್ನು ಹಳೆಯದಕ್ಕಿಂತ ಒಂದಡಿಯಷ್ಟು ಎತ್ತರಕ್ಕೆ ಕಟ್ಟಿದ್ದಾರೆ. ಕೆಲವು ಶತಮಾನಗಳ ನಂತರ ಎರಡೂ ಸಮವಾಗಬೇಕು. ಕಪ್ಪುಬಿಳುಪಿನ ಹೋಲ್ಗಾ ಚಿತ್ರದಲ್ಲಿ ಇವೆರಡೂ ಈಗಲೇ ಅವಳಿಗಳಾಗಿಬಿಡುತ್ತವೆ, ಬಡಗಿ ಕಾಲಕ್ಕೆಂದು ಬಿಟ್ಟ ಕೆಲಸವನ್ನು ಕ್ಯಾಮೆರಾ ಒಂದು ಕ್ಷಣದಲ್ಲಿ ಮುಗಿಸಿಬಿಡುತ್ತದೆ. ಯಾಕುಶಿಜಿಗೆ ಆಟಿಕೆ ಕ್ಯಾಮೆರಾ ಒಯ್ಯುವವರು ದಯವಿಟ್ಟು ಕಲರ್ ರೋಲ್ ಹಾಕಿಕೊಂಡು ಹೋಗಲಿ. ಪ್ಲಾಸ್ಟಿಕ್ ಮಸೂರ ಸೂರಿನ ಗೆರೆಗಳನ್ನೆಲ್ಲ ಕಲಸಿಹಾಕಿದರೂ ಯಾವ ಗೋಪುರ ಹಳೆಯದು, ಯಾವುದು 1981ರದ್ದು ಎಂದು ಆ ಕೆಂಪು ಹೇಳುತ್ತದೆ.